ಗುಳಿಗೆಕಾಲ

ಬೋಥ್ನಿಯಾ ಕೊಲ್ಲಿ ಹೆಪ್ಪುಗಟ್ಟಿದ ಫೆಬ್ರುವರಿ.
ಮಂಜುಗಡ್ಡೆ ಸೀಳುವ ಹಡಗಿನ ಹೊಟ್ಟೆಯಲ್ಲಿ
ಹಿಲ್ಲೆವಿ ಆರು ತಾಸು ಎಂಜಿನ್ನಿನ ಬಳಿ, ಆರು ತಾಸು ಬಂಕಿನ ಮೇಲೆ,
ಮತ್ತೆ ಆರು, ಮತ್ತೆ ಆರು.
ದಿನಕ್ಕೆ ಎರಡು ರಾತ್ರಿ ಅವಳಿಗೆ,
ಎರಡು ಬೆಳಗು, ಎರಡೂ ಟ್ಯೂಬ್‌ಲೈಟಿನವು.

ದಿಂಬಿನಡಿ ಇಪ್ಪತ್ತೆಂಟು ಗುಳ್ಳೆಗಳ
ಬೆಳ್ಳಿಹಾಳೆಯ ಪಂಚಾಂಗ.
ತಿಥಿಯಿಲ್ಲ, ನಕ್ಷತ್ರವಿಲ್ಲ, ರಾಹುಕಾಲವೂ ಇಲ್ಲ,
ಇರುವುದೊಂದೇ ಗುಳಿಗೆಕಾಲ.
ಎಂಟು ಮಡಿಕೆಯ ಕಾಗದದಲ್ಲಿ ಇರುವೆಯಕ್ಷರ:
ದಿನವೂ ಅದೇ ಹೊತ್ತಿಗೆ, ಮೂರು ತಾಸು ಮೀರಕೂಡದು.

ಯಾವ ಹೊತ್ತು?
ಗೋಡೆಯದೋ, ಮೈಯದೋ?
ಕೇಳಿದ್ದಕ್ಕೆ ಕೆಮಿ ಊರಿನ ಔಷಧಿಯಂಗಡಿಯವನು
ರಸೀದಿ ಹರಿದು ಕೊಟ್ಟ.

ಔಲುವಿನಲ್ಲಿ, ಮೂರನೆಯ ಮಹಡಿಯಲ್ಲಿ ಪೈವಿ.
ಅವರ ನುಡಿಯಲ್ಲಿ ಆ ಹೆಸರಿನೊಳಗೆ ಹಗಲಿದೆ.
ಹೆಣ್ಣಿನ ತಿಂಗಳನ್ನು ಅವಳು
ಹದಿಮೂರು ಸಮೀಕರಣಗಳಲ್ಲಿ ಹಿಡಿದಿದ್ದಳು.
ಈಸ್ಟ್ರೋಜನ್ ಏರಿದರೆ ಹೀಗೆ, ಪ್ರೊಜೆಸ್ಟರೋನ್ ಇಳಿದರೆ ಹಾಗೆ,
ಒಂದು ಗೆರೆ ಇನ್ನೊಂದರ ಬಾಲ ಹಿಡಿದು
ಪರದೆಯ ಮೇಲೆ ಸುತ್ತಿ ಸುತ್ತಿ
ಕೊನೆಗೆ ಒಂದೇ ಬಳೆಗೆ ಬಂದು ಕೂಡುತ್ತಿತ್ತು.
ಎಷ್ಟು ಕಡಿಮೆ ಮದ್ದಿಗೆ, ಯಾವ ಗಳಿಗೆಯಲ್ಲಿ
ಈ ಬಳೆ ಬಾಗುತ್ತದೆ?
ಬಾಗಿತು. ಅರ್ಧಕ್ಕಿಂತ ಕಡಿಮೆ ಸಾಕು ಎಂದಿತು ಲೆಕ್ಕ.
ಪೈವಿ ಕಾಫಿಗೆ ಎದ್ದಳು.

ಆಮೇಲೆ ಬಂತು ಹಡಗಿನಿಂದ ಪೆಟ್ಟಿಗೆ.
ಮೀನಿನ ಪಕ್ಕದಲ್ಲಿ ಕಲ್ಲಾದ ಹಿಲ್ಲೆವಿಯ ಎಂಜಲು,
ನಾಲ್ಕು ತಾಸಿಗೊಂದರಂತೆ ಇಪ್ಪತ್ತೊಂದು ದಿನ,
ನೂರಿಪ್ಪತ್ತಾರು ಕೊಳವೆ.
ಒಂದೊಂದರ ಮೇಲೂ ಎರಡು ಸಮಯ, ಎರಡು ಶಾಯಿ.
'ನೀಲಿ ಗೋಡೆಯದು. ಕೆಂಪು, ನನಗೆ ಅನ್ನಿಸಿದ್ದು.'
ಅರ್ಜಿಯ ಕೊನೆಯಲ್ಲಿ, 'ಇತರೆ' ಎಂದಿದ್ದ ಕಡೆ:
'ಒಮ್ಮೆ ಮೂರೂವರೆ ತಾಸಾಗಿತ್ತು.
ಅದರ ಹೆಸರು ಮಿಂತ್ತು. ಈಗ ಎರಡನೇ ಕ್ಲಾಸು.
ಹೊತ್ತು ತಪ್ಪಿ ಬಂದವಳು, ಶಾಲೆಗೆ ಮಾತ್ರ
ಎಲ್ಲರಿಗಿಂತ ಮೊದಲು ಹೋಗುತ್ತಾಳೆ.'

ಅನ್ನಿಸಿದ್ದಕ್ಕೆ ಏಕಮಾನವೆಲ್ಲಿದೆ?
ಕೆಂಪನ್ನು ಬಿಟ್ಟೇ ಪೈವಿ ಚುಕ್ಕಿಗಳನ್ನಿಟ್ಟಳು.
ಬಳೆಯ ಮೇಲೆ ಒಂದೂ ಕೂರಲಿಲ್ಲ.
ಚೆಲ್ಲಿದ ಸಾಸಿವೆ.
ಪಕ್ಕದ ಮೇಜಿನ ಯೊರ್ಮ ಎಂದ: ಬರೀ ಗದ್ದಲ, ತೆಗೆದುಬಿಡು.

ತೆಗೆಯುತ್ತಿದ್ದಳೇನೋ.
ಹನ್ನೊಂದು ಮೀರಿತ್ತು, ಕೊನೆಯ ಬಸ್ಸು ಹೋಗಿತ್ತು,
ಬೇರೇನೂ ತೋಚದೆ ಕೆಂಪನ್ನು ತುಂಬಿ ನೋಡಿದಳು.

ಸಾಸಿವೆ ಎದ್ದು ಸಾಲಾಯಿತು.
ಎಲ್ಲವೂ ಅಲ್ಲ, ಮುಕ್ಕಾಲು.
ಮೈಯ ಮುಳ್ಳು ದಿನಕ್ಕೆ ನಲವತ್ತು ನಿಮಿಷ ಹಿಂದೆ ಬೀಳುತ್ತ,
ಇಪ್ಪತ್ತೊಂದನೆಯ ದಿನ
ಗೋಡೆಯಲ್ಲಿ ಬೆಳಗಿನ ಏಳು,
ಅವಳಲ್ಲಿ ಇನ್ನೂ ಹಿಂದಿನ ಸಂಜೆಯ ಐದು.

ಹಾಗಾದರೆ ಯಾವಾಗ ನುಂಗಲಿ, ಎಂದು ಹಿಲ್ಲೆವಿ.
ಪೈವಿ ಒಂದು ವಾರ ಉತ್ತರಿಸಲಿಲ್ಲ.
ಇಲ್ಲಿಯವರೆಗೆ ಅವಳ ಹದಿಮೂರೂ ಸಾಲುಗಳು
ರಾತ್ರಿ ಮಲಗುವ ಹೆಂಗಸಿನವು.

ಹಡಗು ನಿಂತಿತ್ತು. ಸೀಳಿದ ದಾರಿ
ಬೆನ್ನ ಹಿಂದೆ ಆಗಲೇ ಹೆಪ್ಪುಗಟ್ಟುತ್ತಿತ್ತು.
ಟಪಾಲಿನಲ್ಲಿ ಖಾಲಿ ಕೊಳವೆಗಳು, ಒಂದು ಚೀಟಿ:
'ಸದ್ಯಕ್ಕೆ ಗೋಡೆಯನ್ನೇ ನಂಬು.
ಹದಿನಾಲ್ಕನೆಯ ಸಾಲು ಬರೆದಿದ್ದೇನೆ, ಇನ್ನೂ ಕುಂಟುತ್ತಿದೆ.'
ಅಡಿಯಲ್ಲಿ ರಬ್ಬರ್ ಹಾಕಿ ಕಟ್ಟಿದ ಪೆನ್ನುಗಳು,
ಮೂರೂ ಕೆಂಪು.