ಬಾಲ್ ಯಾವ ಕಡೆ ಹೋತು

ಐದರ ಭೋಂಗಾ ಈಗ ಕೇಳೂದಿಲ್ಲ,
ಆದರೂ ಐದಕ್ಕ ಬರೋಬ್ಬರಿ ಕೂಡತಾರ
ಗದಗ ರಸ್ತೆದ ಗೋಡಿ ಬುಡಕ, ಲಾಡಸಾಬನ ಗಿರಮಿಟ್ ಗಾಡಿ ಹತ್ತರ,
ವರ್ಕ್‌ಶಾಪಿನ ರಿಟೈರ್ ಮಂದಿ ನಾಕು.
ಅವರ ಜೋಡಿ, ಸ್ಟೋರ್ಸಿನ್ಯಾಗ ಮೂವತ್ತು ವರ್ಷ
ನಟ್ಟು ಬೋಲ್ಟು ಎಣಿಸಿದ ನಾನು.

ಗೆದ್ದ ಮಾತು ಯಾರೂ ತಗಿಯೂದಿಲ್ಲ.
ಒಂದು ಕಪ್ ಬಂದಿತ್ತು, ಎಂಬತ್ತೊಂದರಾಗೋ ಎರಡರಾಗೋ.
ಇನ್‌ಸ್ಟಿಟ್ಯೂಟಿನ ಕಪಾಟಿನ್ಯಾಗ
ಕ್ಯಾರಮ್ ಪೌಡರ್ ತುಂಬಿಸಿಕೊಂಡು ಕುಂತೈತಿ.
ಸೋತದ್ದು ಮಾತ್ರ ತಾರೀಖು ಸಮೇತ.

"ಬೆಳಗಾವಿಯವರ ಕೂಡ, ಆರು ಶೂನ್ಯ," ಅಂತಾನ ವಿಠ್ಠಲಸಾ ಬದ್ದಿ,
"ಆರನೇದಕ್ಕ ನಾನಽ ಚಪ್ಪಾಳಿ ಹೊಡದೆ,
ಅಷ್ಟು ಚಂದಿತ್ತದು. ಮನಿಗೆ ಹೋಗಿ ಊಟಾ ಬಿಟ್ಟೆ."
ಇದನ್ನ ಹೇಳಿದಾಗೊಮ್ಮೆ ಎರಡು ಮಿರ್ಚಿ ಹೆಚ್ಚಿಗಿ ತಿಂತಾನ.

ಚನಮಲ್ಲಪ್ಪಗ ತಾನು ನೋಡದ ಮ್ಯಾಚಿಂದಽ ದುಃಖ.
ಗದಗಿನ್ಯಾಗ ಒಂದು ಗೋಲಿನಿಂದ ಹೋತು,
ಅವತ್ತು ಅವನ ಹೆಂಡತಿ ಹಡಿಯಾಕ ದವಾಖಾನಿ ಸೇರಿದ್ದಳು.
"ನಾ ಗೋಲಿನ ಹಿಂದ ನಿಂತಿದ್ರ ಸೋಲತಿದ್ವೇನು?"
ಮಗಳ ವಯಸ್ಸು ಕೇಳಿದ್ರ
ಇವತ್ತಿಗೂ ಆ ಮ್ಯಾಚಿನಿಂದ ಎಣಿಸತಾನ.

"ಅವೆಲ್ಲಾ ಆಡಿ ಸೋತದ್ದು," ಅಂತಾನ ಪ್ರಕಾಶಂ.
ಗುಂತಕಲ್ಲಿಂದ ಬಂದ ಮನೆತನ, ಸಿಟ್ಟು ಬಂದ್ರ ತೆಲುಗು.
"ಸೋಲಂದ್ರ ವಾಸ್ಕೋ."

ರೈಲ್ವೆ ಟೀಮು, ರೈಲು ತಡಾಗಿ ಸೋತ ಕತಿ.
ತಿನೈಘಾಟಿನ್ಯಾಗ ಬ್ರೇಕ್ ಹಿಡದದ್ದು ಬಿಡಲೇ ಇಲ್ಲ.
ಹನ್ನೊಂದು ಮಂದಿ ಬೂಟು ಹಾಕ್ಕೊಂಡು
ಹಳಿ ಮ್ಯಾಲ ನಿಂತರು, ಮಂಗ್ಯಾ ನೋಡಾಕತ್ತಿದ್ವು.
ಅತ್ತ ರೆಫರಿ ಗಡಿಯಾರ ನೋಡಿ ಸೀಟಿ ಊದಿದ.
ಆ ಬೋಗಿ ಹಿಂದಿನ ವಾರ ನಮ್ಮ ಶಾಪಿಂದಽ ಹೊರಬಿದ್ದದ್ದು.
ಬ್ರೇಕ್ ನೋಡಿ ಸಹಿ ಮಾಡಿದಾವ ನಮ್ಮ ಲೆಫ್ಟ್ ಬ್ಯಾಕ್.
ಪ್ರಕಾಶಂ ಅವನ ಹೆಸರು ಹೇಳೂದಿಲ್ಲ, ನಾವು ಕೇಳೂದಿಲ್ಲ,
ಎಡಗಾಲು ಮುಂದ ಚಾಚಿಕೊಂಡು ಚಾ ಕುಡಿತಾನ.
ವಾಷರ್ ಹೋದದ್ದು ನನ್ನ ಕೌಂಟರಿಂದ.
ನಾನೂ ಹೇಳಿಲ್ಲ.

ಹೊತ್ತು ಮುಳುಗೂ ಹೊತ್ತಿಗೆ ಬರತೈತಿ ಆ ಪೆನಾಲ್ಟಿ,
ಕರೀದಿದ್ರೂ.
ನಮ್ಮಽ ಗ್ರೌಂಡು, ಒಂದು ಒಂದು, ಕಡೀ ಮಿನಿಟು.
ಒದಿಯಾಕ ನಿಂತಾವ ನಾರ್ಬರ್ಟ್, ಡ್ರೈವರ್ ಸಾಲಿನ್ಸನ ಮಗ,
ಅಂಗಿ ತುದಿಯಿಂದ ಬಾಲಿನ ಮಣ್ಣು ಒರಸಿದ.
ಅಷ್ಟು ನೋಡೀನಿ.

ಲಾಡಸಾಬನ ಮೊಮ್ಮಗ ನಿನ್ನೆ ಉಳ್ಳಾಗಡ್ಡಿ ಹೆಚ್ಚಕೋತ ಕೇಳಿತು,
"ಬಾಲ್ ಯಾವ ಕಡೆ ಹೋತು?"
ನಾಕು ಕೈ ನಾಕು ದಿಕ್ಕಿಗೆ ಎದ್ವು.
ಕಂಬದ ಮ್ಯಾಲ. ಹುಣಸಿ ಗಿಡದಾಗ. ಕೀಪರನ ಮೊಣಕಾಲಿಗೆ.
ಎಂದೂ ಮಾತಾಡದ ಫಯಾಜ್ ಸುದ್ದಾ
ಎಡಕ್ಕ ಬಟ್ಟು ತೋರಿಸಿ "ಹೂಂ" ಅಂದ.
"ಕಸ್ತೂರಕ್ಕಾ, ನೀವಽ ಹೇಳ್ರಿ,
ನೀವು ಗೋಡಿ ಮ್ಯಾಲ ಇದ್ರಿ, ಛಲೋ ಕಂಡಿರಬೇಕು."

ಕಂಡಿಲ್ಲ. ಕಣ್ಣು ಮುಚ್ಚಿದ್ದೆ.
ಬೂಟಿನ ಸಪ್ಪಳ ಒಂದು ಕೇಳಿತು,
ಆಮ್ಯಾಲ ದೂರ ಯಾರ್ಡಿನ್ಯಾಗ
ಡಬ್ಬಿಗೆ ಡಬ್ಬಿ ಕೂಡೂ ಸಪ್ಪಳ, ಅಷ್ಟಽ.
ಮೂವತ್ತಾರು ವರ್ಷ ಇವರ ಬಾಯಿಂದ ಕೇಳಕೋತ ಬಂದೀನಿ.
ವರ್ಷಕ್ಕೊಂದೀಟು ಆ ಬಾಲ್ ಸಾವಕಾಶ ಆಗೈತಿ.
ಒಮ್ಮೊಮ್ಮೆ, ವಿಠ್ಠಲಸಾ ಹೇಳೂವಾಗ,
ಒಳಗಽ ಹೋಗತೈತೇನೋ ಅಂತ ಮೈ ಬಿಗಿ ಆಗತೈತಿ.

ಅವತ್ತು ನಾರ್ಬರ್ಟ್ ಗೇಟಿನಿಂದ ಹೋಗಲಿಲ್ಲ,
ಹಿಂದಿನ ಗೋಡಿ ಹಾರಿ ಹೋದ.
ಮರುದಿವಸ ಎಂಟಕ್ಕ ಕೌಂಟರಿಗೆ ಬಂದ, ಚೀಟಿ ಚಾಚಿದ:
ಅರ್ಧ ಇಂಚಿನ ಬೋಲ್ಟು, ಹನ್ನೆರಡು.
ಏನು ಹೇಳಬೇಕೋ ತಿಳೀದ
ಹದಿಮೂರು ಕೊಟ್ಟೆ.
ನಿಂತು ಎಣಿಸಿದ.
ಒಂದು ತಿರುಗಿ ಇಟ್ಟು ಹೋದ.