ಮಾತು ಎತ್ತಿಕೊಡುವವನು

ಮನಾಮದ ಶಾಲೆಯೊಂದರ ಸಭಾಂಗಣ. ಶುಕ್ರವಾರ.
ಪರದೆಯ ಮರೆಯಲ್ಲಿ ಟಾರ್ಚು ಹಿಡಿದು ಕೂತವನು ನಾನು,
ಮರೆತ ಮಾತನ್ನು ಎತ್ತಿಕೊಡುವವನು.

ದೊರೆಯ ಪಾತ್ರ ಇದಿನಬ್ಬನದು.
ಹಗಲೆಲ್ಲ ಡ್ರೈಡಾಕಿನಲ್ಲಿ ಹಡಗಿನ ತುಕ್ಕು ಕೆರೆಯುತ್ತಾನೆ;
ಕಿರೀಟದ ಕೆಳಗೆ, ಕಿವಿಯ ಸಂದಿಯಲ್ಲಿ
ಈಗಲೂ ಕೆಂಪು ಪುಡಿ.

ತಾಲೀಮಿನಲ್ಲಿ ಮೇಷ್ಟ್ರು ಹೇಳಿಕೊಟ್ಟದ್ದು ಇಷ್ಟು:
ಹುಚ್ಚು ಹಿಡಿದ ಮೇಲೆ ಗಹಗಹಿಸಿ ನಗು,
ಕಣ್ಣು ತಿರುಗಿಸು, ಕೂದಲು ಕೀಳು,
ಕೊನೆಯ ಕುರ್ಚಿಗೂ ಕೇಳಬೇಕು.
ಚರಿತ್ರೆಯಲ್ಲಿ ಹಾಗಿತ್ತೇ, ಅಂದೆ.
ಚರಿತ್ರೆ ನೋಡಲು ಯಾರು ರಜೆ ಹಾಳುಮಾಡಿಕೊಳ್ಳುತ್ತಾರೆ
ಮಾರಾಯ, ಅಂದರು.

ಮೂರನೇ ಅಂಕ. ದೊರೆ ನಗಲಿಲ್ಲ.
ಹೆಗಲ ಶಾಲು ತೆಗೆದ. ಮಡಚಿದ.
ಅಂಚಿಗೆ ಅಂಚು ಕೂಡಲಿಲ್ಲವೆಂದು ಬಿಡಿಸಿದ.
ಮತ್ತೆ ಮಡಚಿದ.

ಮಾತು ಎತ್ತಿಕೊಟ್ಟೆ. ಇನ್ನೊಮ್ಮೆ ಕೊಟ್ಟೆ, ಜೋರಾಗಿ.
ಸಭೆಯಲ್ಲಿ ಯಾರೋ ಕೆಮ್ಮಿದರು, ಮಗುವೊಂದು ನಕ್ಕಿತು.
ಮಂತ್ರಿ ಬೆವರುತ್ತ ನನ್ನತ್ತ ನೋಡಿದ.

ಆಗ ನೆನಪಾಯಿತು: ಕ್ಯಾಂಪಿನ ಆರನೇ ಕೋಣೆ,
ಮೇಲಿನ ಮಂಚದ ದೂಮಣ್ಣ,
ರಾತ್ರಿಯೆಲ್ಲ ಕಂಬಳಿ ಮಡಚುತ್ತಿದ್ದವನು.
ಲೈಟು ಆರಿಸೋ ಅಂತ ನಾವೆಲ್ಲ ಬೈದದ್ದು.
ಅವನನ್ನು ವಿಮಾನ ಹತ್ತಿಸಿ ಬಂದದ್ದು
ಇದಿನಬ್ಬ ಒಬ್ಬನೇ.

ಟಾರ್ಚು ಆರಿಸಿದೆ.
ಅಂಚಿಗೆ ಅಂಚು ಇನ್ನೂ ಕೂಡಿರಲಿಲ್ಲ.