ಹಿಂದಿನ ಒಳಗಾಲಿ

ಕೆ.ಜಿ.ಗೆ ಹನ್ನೆರಡರಂತೆ ತೂಗಿಸಿಕೊಂಡು ಹೋದರು,
ಅಂಗಡಿ ಹಿಂದೆ ಒಂಬತ್ತು ವರ್ಷ
ಮಳೆನೀರು ಹಿಡಿದು ಸೊಳ್ಳೆ ಸಾಕಿದ ರಾಶಿಯನ್ನು.
ಕೊಟ್ಟಿಗೆ ಶೀಟು ಹಾರದ ಹಾಗೆ ಭಾರಕ್ಕೆ ಕೂರುವುದು,
ಬಂದ್ ದಿನ ಸರ್ಕಲ್ಲಿನಲ್ಲಿ ಉರಿಯುವುದು,
ಸವೆದ ಟೈರಿಗೆ ಅಲ್ಲಿಯವರೆಗೆ ಅಷ್ಟೇ ಗತಿ.

ರಾಶಿಯಲ್ಲಿ ಮರುಳಪ್ಪನ ಲಾರಿಯದೂ ಒಂದಿತ್ತು,
ಹಿಂದಿನ ಒಳಗಾಲಿ.
ಎರಡು ಸಲ ರೀಸೋಲಾಗಿ, ಅರಸೀಕೆರೆ ಕೊಬ್ಬರಿ ಹೊತ್ತು
ದಿಲ್ಲಿಯ ಧೂಳು ಕುಡಿದು ಬಂದದ್ದು.
ಅದರ ಹೊಟ್ಟೆಯೊಳಗೆ ತೇಪೆ ಒತ್ತಿದ್ದು ಖಲಂದರ್ ಉಸ್ತಾದರು,
ಸಲ್ಯೂಷನ್ ಆರುವವರೆಗೆ ದೂರ ಹೋಗಿ ಬೀಡಿ ಸೇದಿ
ಆಮೇಲೆ ಹೆಬ್ಬೆರಳಲ್ಲಿ,
ಕೂಸಿನ ನೆತ್ತಿಗೆ ಎಣ್ಣೆ ಒತ್ತುವ ಹಾಗೆ.
ಉಸ್ತಾದರು ಹೋಗಿ ಆರು ವರ್ಷ.

ಅದೇ ಟೈರು ಚೀಲದಲ್ಲಿ ವಾಪಸ್ ಬಂತು.
ಅದೇ ಎಂದು ಜೆ.ಇ. ನಾಗವೇಣಿ ಮೇಡಂ ಹೇಳಲಿಲ್ಲ,
ಇಂಥವೇ ಅಂದರು. ಅದೇ ಅಂದುಕೊಂಡವನು ನಾನು.
ಅಂಗೈಗೆ ಸುರಿದರು: ಹುಚ್ಚೆಳ್ಳು!
ಮೂಸಿದೆ. ಹುಚ್ಚೆಳ್ಳಲ್ಲ.
ಕಂಬಿ ಬೇರೆ, ನಾರು ಬೇರೆ ಮಾಡಿ
ಯಾವ ರಾಗಿಕಲ್ಲಿನಲ್ಲಿ ಬೀಸಿದರೋ.

"ಕುದಿಯೋ ಡಾಂಬರಿಗೆ ಹಾಕಿ ತಿರುವಬೇಕು,
ಹದ ತಪ್ಪಿದರೆ ಗಂಟು."
ಗೊತ್ತಾಯ್ತು ಬಿಡಿ ಮೇಡಂ, ಮುದ್ದೆ.
ಎಸರು, ಹಿಟ್ಟು, ಕೋಲು.
ನಕ್ಕರು. ಹೆಲ್ಮೆಟ್ಟಿನ ಕೆಳಗೆ ಬೆವರು.
"ಬಾಗುತ್ತೆ, ಬೇಗ ಬಿರಿಯಲ್ಲ" ಅಂದರು.

ಜೀವಮಾನವಿಡೀ ಈ ರಸ್ತೆ ಟೈರು ತಿಂದು ಬದುಕಿತು;
ಜಲ್ಲಿ, ಮೊಳೆ, ಲಾಳದ ಚೂರು ಅದರ ಹಲ್ಲು,
ಆ ಹಲ್ಲಿನಿಂದ ನಮ್ಮ ಅನ್ನ.
ಈಗ ತಿಂದದ್ದನ್ನೇ ಹೊದ್ದು ಮಲಗಿದೆ.

ರೋಲರ್ ಹೋದ ರಾತ್ರಿ ಚಪ್ಪಲಿ ಬಿಟ್ಟು ನಡೆದೆ.
ಇನ್ನೂ ಬಿಸಿ. ಕಾಲಿಗೆ ಹತ್ತಲಿಲ್ಲ.
ಇಲ್ಲೇ ಎಲ್ಲೋ, ಬಾಣಾವರ ಹ್ಯಾಂಡ್‌ಪೋಸ್ಟಿಗೂ
ಹಾಲಿನ ಡೈರಿಗೂ ನಡುವೆ
ಒಂದು ಹೆಬ್ಬೆರಳು ಪುಡಿಯಾಗಿ ಬೆರೆತಿರಬೇಕು.
ಎಲ್ಲಿ ಅಂತ ಬಗ್ಗಿ ನೋಡಲು ನಾನೇನು ಹುಚ್ಚನೆ?
ಬಗ್ಗಿ ನೋಡಿದೆ.

ಮೊದಲಾದರೆ ಗುಂಡಿಗೆ ಬಿದ್ದ ಸದ್ದಿನಲ್ಲೇ ಹೇಳುತ್ತಿದ್ದೆ
ಯಾರ ಗಾಡಿ, ಯಾವ ಗಾಲಿಗೆ ಗಾಳಿ ಕಮ್ಮಿ ಎಂದು.
ಈಗ ಕಿವಿಗೆ ಕೆಲಸವಿಲ್ಲ.
ಪಂಕ್ಚರೂ ದಿನಕ್ಕೆ ಎರಡೋ ಮೂರೋ.

ನಿನ್ನೆ ತಲೆಯೆತ್ತಿದರೆ ಎದುರಿಗೇ ಲಾರಿ, ಬೆಚ್ಚಿಬಿದ್ದೆ.
ಬಂದದ್ದೇ ಕೇಳಿಸಿರಲಿಲ್ಲ.
ಮರುಳಪ್ಪನ ಅಳಿಯ ಇಳಿದು ಬಂದು
"ಹಿಂದಿನ ಒಳಗಾಲಿ" ಅಂದ,
"ಎಲ್ಲೋ ಮೊಳೆ."